‘ನಂಬಿದರೆ ಸಾಕು’ ಎಂಬ ಮಾತನ್ನು ಪೂರ್ತಿ ಕೇಳಿಸಿಕೊಳ್ಳೋಣ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ಇತ್ತೀಚೆಗೆ ಪ್ರಕಟವಾದ ಎರಡು ಪತ್ರಗಳನ್ನು ಓದಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮೊದಲನೆಯ ಪತ್ರದವರು, ಕ್ರೈಸ್ತರಿಗೆ ಪಾಪದ ಭಯವೇ ಇಲ್ಲ, ವಾರವಿಡೀ ಏನು ಮಾಡಿದರೂ ಭಾನುವಾರ ಮೊಣಕಾಲೂರಿ ಕ್ಷಮೆ ಕೇಳಿದರೆ ಲೆಕ್ಕ ಚುಕ್ತಾ ಆಗಿಬಿಡುತ್ತದೆ ಎಂದು ಬರೆದಿದ್ದರು. ಅದಕ್ಕೆ ಉತ್ತರ ಬರೆದವರು ನನ್ನ ಹಾಗೆಯೇ ಕ್ರೈಸ್ತರು. ಅವರು ಬೈಬಲಿನ ವಾಕ್ಯಗಳನ್ನು ಒಂದರ ಮೇಲೊಂದು ಪೇರಿಸಿ, ನಂಬಿದವನಿಗೆ ಸ್ವರ್ಗ, ನಂಬದವನಿಗೆ ನರಕ, ಇದರಲ್ಲಿ ಚರ್ಚೆಗೆ ಎಡೆಯೇ ಇಲ್ಲ ಎಂದು ಮುಗಿಸಿದ್ದರು. ಒಬ್ಬರಿಗೊಬ್ಬರು ಎದುರಾಳಿಗಳಂತೆ ಕಂಡರೂ ಇಬ್ಬರೂ ಒಪ್ಪಿಕೊಂಡಿರುವ ಸಂಗತಿ ಒಂದಿದೆ: ರಕ್ಷಣೆ, ಅಂದರೆ ಪಾಪದಿಂದಲೂ ಮರಣದಿಂದಲೂ ಸಿಗುವ ಬಿಡುಗಡೆ, ಮನುಷ್ಯನು ದೇವರೊಂದಿಗೆ ಕುದುರಿಸುವ ಒಂದು ವ್ಯವಹಾರ, ಅದರ ರಸೀತಿ ಯಾರ ಬಳಿ ಇದೆ, ಯಾರ ಬಳಿ ಇಲ್ಲ ಎಂಬುದನ್ನು ಹೊರಗೆ ನಿಂತವರು ನೋಡಿ ಹೇಳಬಹುದು ಎಂಬ ಭಾವನೆ. ಕ್ರೈಸ್ತ ಬೋಧನೆ ಹಾಗೆ ಹೇಳುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ, ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಲು ತಮ್ಮ ಅನುಮತಿಯನ್ನು ಕೋರುತ್ತೇನೆ.

ನನ್ನ ಮಟ್ಟಿಗೆ ಇದು ಬರಿಯ ವಾದದ ವಿಷಯವಾಗಿ ಉಳಿದಿಲ್ಲ. ಹನ್ನೊಂದು ವರ್ಷಗಳ ಹಿಂದೆ ನನ್ನ ತಮ್ಮನನ್ನು ಮಣ್ಣು ಮಾಡಿದೆವು. ಅವನು ಚರ್ಚಿಗೆ ಬರುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಯಾಕೆ ಬಿಟ್ಟನೆಂದು ನಮಗ್ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಪೆಟ್ಟಿಗೆಯನ್ನು ಕೆಳಗಿಳಿಸಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುತ್ತಿದ್ದಾಗ, ಹಿರಿಯರೊಬ್ಬರು ಅಮ್ಮನ ಪಕ್ಕದಲ್ಲಿ ನಿಂತು, ಸಮಾಧಾನ ಹೇಳುವ ಧ್ವನಿಯಲ್ಲಿಯೇ, ‘ರಕ್ಷಣೆ ಹೊಂದಿ ಹೋಗಿದ್ದರೆ ಇಷ್ಟು ಅಳಬೇಕಾಗಿರಲಿಲ್ಲ’ ಎಂದರು. ಅಮ್ಮನ ಕೈಯಲ್ಲಿ ಮಣ್ಣಿತ್ತು. ಅವರು ಅದನ್ನು ಹಾಕಲಿಲ್ಲ, ಮುಷ್ಟಿ ಬಿಗಿಯಾಯಿತು. ಹಾಗೆಯೇ ಮನೆಗೆ ಬಂದರು. ಸಂಜೆ ನಾನು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಾಗ ಅಂಗೈಯ ಗೆರೆಗಳಲ್ಲಿ ಆ ಕೆಂಪು ಮಣ್ಣು ಬೆವರಿಗೆ ನೆನೆದು ಅಂಟಿಕೊಂಡಿತ್ತು. ಆ ಹಿರಿಯರು ಕೆಟ್ಟವರೇನಲ್ಲ. ತಾವು ಕಲಿತದ್ದನ್ನೇ ಹೇಳಿದರು. ಅವರು ಕಲಿತದ್ದು ಅರ್ಧವೇ ಆಗಿತ್ತು ಎಂಬುದನ್ನು ತಿಳಿಯಲು ನನಗೆ ಅನೇಕ ವರ್ಷಗಳು ಹಿಡಿದವು.

ಪಾಪದಿಂದಲೇ ಆರಂಭಿಸುತ್ತೇನೆ. ಪಾಪವೆಂದರೆ ಮಾಡಬಾರದ ಕೆಲಸಗಳ ಒಂದು ಪಟ್ಟಿ ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿರುತ್ತೇವೆ. ಬೈಬಲಿನ ಮೂಲಭಾಷೆಗಳಲ್ಲಿ ಈ ಪದದ ಹಿಂದಿರುವ ಚಿತ್ರ ಬೇರೆಯದು. ಹೀಬ್ರೂ ಭಾಷೆಯಲ್ಲಿ ಪಾಪಮಾಡು ಎಂಬುದಕ್ಕೆ ಬಳಕೆಯಾಗುವ ಕ್ರಿಯಾಪದವೇ ನ್ಯಾಯಸ್ಥಾಪಕರ ಗ್ರಂಥದ 20ನೆಯ ಅಧ್ಯಾಯದಲ್ಲಿ ಕವಣೆಯ ಕಲ್ಲಿಗೆ ಬಳಕೆಯಾಗಿದೆ. ಬೆನ್ಯಾಮೀನ ಕುಲದ 700 ಮಂದಿ ಎಡಚರು ಒಂದು ಕೂದಲೆಳೆಗೆ ಗುರಿಯಿಟ್ಟು ಹೊಡೆದರೂ ಗುರಿ ತಪ್ಪುತ್ತಿರಲಿಲ್ಲ ಎಂದು ಅಲ್ಲಿ ಬರುತ್ತದೆ. ಆ ‘ಗುರಿ ತಪ್ಪು’ ಎಂಬುದೇ ಪಾಪಕ್ಕೂ ಬರುವ ಪದ. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕಿನಲ್ಲಿರುವ ಹಮಾರ್ತಿಯ ಎಂಬ ಪದದ ಹಿಂದೆಯೂ ಅದೇ ಅರ್ಥದ ನೆರಳಿದೆ. 51ನೆಯ ಕೀರ್ತನೆಯ ಮೊದಲ ಎರಡು ವಚನಗಳಲ್ಲಿಯೇ ಇದರ ಜೊತೆಗೆ ಇನ್ನೆರಡು ಪದಗಳು ಬರುತ್ತವೆ. ಒಂದಕ್ಕೆ ದಂಗೆಯೇಳುವುದು ಎಂಬ ಅರ್ಥವಿದೆ, ಇನ್ನೊಂದಕ್ಕೆ ಬಾಗಿ ಡೊಂಕಾಗಿರುವುದು ಎಂಬ ಅರ್ಥ. ಗುರಿ ತಪ್ಪಿದ ಕಲ್ಲು ಬೇರೆಲ್ಲೋ ಹೋಗಿ ಬೀಳುತ್ತದೆ, ಯಾರಿಗೋ ತಗಲುತ್ತದೆ. ಡೊಂಕಾದ ಕೋಲಿನಿಂದ ನೇರವಾದ ಗೆರೆ ಎಳೆಯಲು ಎಷ್ಟು ಪ್ರಯತ್ನಪಟ್ಟರೂ ಗೆರೆ ಡೊಂಕಾಗಿಯೇ ಬರುತ್ತದೆ. ಮಾಡಿದ ಒಂದೊಂದು ತಪ್ಪಿಗಿಂತ ಮೊದಲೇ, ತಪ್ಪು ಮಾಡುವವನ ಒಲವೇ ಬಾಗಿದೆ ಎಂಬುದು ಕ್ರೈಸ್ತ ಬೋಧನೆಯ ತಿರುಳು. ನಾನು ಮಾಡಬೇಕೆಂದಿರುವ ಒಳ್ಳೆಯದನ್ನು ಮಾಡದೆ, ಮಾಡಬಾರದೆಂದಿರುವ ಕೆಟ್ಟದ್ದನ್ನೇ ಮಾಡುತ್ತೇನೆ ಎಂದು ಮೊದಲ ಶತಮಾನದ ಬೋಧಕನಾದ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 7ನೆಯ ಅಧ್ಯಾಯದಲ್ಲಿ ಗೋಳಿಡುವುದು ಇದನ್ನೇ. ಮನೆಯಲ್ಲಿ ಇನ್ನು ಮುಂದೆ ಸಿಟ್ಟು ಮಾಡುವುದಿಲ್ಲವೆಂದು ಬೆಳಿಗ್ಗೆ ನಿರ್ಧರಿಸಿ ಮಧ್ಯಾಹ್ನದೊಳಗೆ ಕೂಗಾಡಿದವರಿಗೆ ಈ ಅಧ್ಯಾಯಕ್ಕೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಅದೇ ಪತ್ರದ ಆರಂಭದಲ್ಲಿ ಪೌಲನು ಮಾಡುವ ಇನ್ನೊಂದು ಕೆಲಸವನ್ನು ನಮ್ಮ ಚರ್ಚಿನ ಪ್ರವಚನಗಳಲ್ಲಿ ಸಾಕಷ್ಟು ಗಮನಿಸುವುದಿಲ್ಲ ಎಂಬುದು ನನ್ನ ಕೊರಗು. ಮೊದಲನೆಯ ಅಧ್ಯಾಯದಲ್ಲಿ ಅವನು ಲೋಕದ ಕೆಟ್ಟತನವನ್ನು ಉದ್ದಕ್ಕೂ ವರ್ಣಿಸುತ್ತಾನೆ: ವಿಗ್ರಹಾರಾಧನೆ, ಕಾಮ, ಲೋಭ, ಹೊಟ್ಟೆಕಿಚ್ಚು, ಕೊಲೆ, ಚಾಡಿ, ತಂದೆತಾಯಿಗಳಿಗೆ ಅವಿಧೇಯತೆ. ಕೇಳುತ್ತಿರುವ ಸಜ್ಜನನು ಹೌದು ಹೌದು ಎಂದು ತಲೆದೂಗುತ್ತಾ ಬರುತ್ತಾನೆ, ಅವನ ಕಣ್ಣ ಮುಂದೆ ಯಾರ್‍ಯಾರದೋ ಮುಖಗಳು ಸುಳಿದಿರುತ್ತವೆ. ಎರಡನೆಯ ಅಧ್ಯಾಯದ ಮೊದಲ ವಚನ ಬರುತ್ತಿದ್ದಂತೆ ಪೌಲನು ಆ ಕೇಳುಗನ ಕಡೆಗೇ ತಿರುಗುತ್ತಾನೆ. ಇನ್ನೊಬ್ಬರ ವಿಷಯದಲ್ಲಿ ತೀರ್ಪುಮಾಡುವವನೇ, ನೀನು ಯಾರಾದರೂ ಸರಿ, ನಿನಗೆ ಯಾವ ನೆಪವೂ ಇಲ್ಲ, ಏಕೆಂದರೆ ಅದನ್ನೇ ನೀನೂ ಮಾಡುತ್ತೀ ಎನ್ನುತ್ತಾನೆ. ಮೂರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಯೆಹೂದ್ಯನೂ ಅನ್ಯಜನನೂ ಒಂದೇ ಕಟಕಟೆಯಲ್ಲಿ ನಿಂತಿರುತ್ತಾರೆ, ಎಲ್ಲರೂ ಪಾಪಮಾಡಿದ್ದಾರೆ ಎಂಬ ಪ್ರಸಿದ್ಧ ವಾಕ್ಯ ಅಲ್ಲಿಯೇ ಬರುವುದು. ಆ ವಾಕ್ಯವನ್ನು ಕಿತ್ತು ತೆಗೆದು ಇನ್ನೊಬ್ಬರ ಎದೆಗೆ ಗುರಿಯಿಡುವವರು, ಅದು ಮೊದಲು ತಮ್ಮನ್ನೇ ಹಾದು ಬರುವ ದಾರಿಯನ್ನು ಓದಿಯೇ ಇಲ್ಲವೆಂದು ಹೇಳಬೇಕಾಗುತ್ತದೆ.

ಈ ಬಾಗು ನಮಗೆ ಎಲ್ಲಿಂದ ಬಂತು ಎಂಬ ಬಗ್ಗೆ ಕ್ರೈಸ್ತರಲ್ಲಿ ಒಮ್ಮತವಿಲ್ಲ. ಮನುಷ್ಯನು ತನ್ನ ಸ್ವಂತ ಸಂಕಲ್ಪಬಲದಿಂದ ಪಾಪವಿಲ್ಲದೆ ಬದುಕಬಲ್ಲನೆಂದು ಪೆಲಾಗಿಯಸನೆಂಬ ಬೋಧಕನು ಸಾರಿದಾಗ, ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನನು ಅದನ್ನು ತೀವ್ರವಾಗಿ ವಿರೋಧಿಸಿದನು. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರ ಸಭೆ ಪೆಲಾಗಿಯಸನ ಮತವನ್ನು ತಳ್ಳಿಹಾಕಿತು. ಪಾಶ್ಚಾತ್ಯ ಸಭೆಗಳು, ಅಂದರೆ ಚರ್ಚುಗಳು, ಅಗಸ್ಟೀನನನ್ನು ಹಿಂಬಾಲಿಸಿ ಹುಟ್ಟಿನಿಂದಲೇ ಅಂಟಿಬರುವ ಜನ್ಮಪಾಪದ ಬಗ್ಗೆ ಮಾತಾಡುತ್ತವೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳಾದರೋ ಆದಾಮನಿಂದ ನಮಗೆ ಬಂದದ್ದು ಮರಣ ಮತ್ತು ದುರ್ಬಲತೆ, ಅವನ ಅಪರಾಧದ ಹೊಣೆ ನಮ್ಮದಲ್ಲ ಎನ್ನುತ್ತವೆ. ಇಲ್ಲಿ ಅದನ್ನು ಬೆಳೆಸುವ ಅಗತ್ಯವಿಲ್ಲ.

ರಕ್ಷಣೆಯ ವಿಚಾರಕ್ಕೆ ಬಂದರೆ, ನಮ್ಮ ಭಾಷೆಯಲ್ಲಿ ‘ಮಾಡಿದ್ದುಣ್ಣೋ ಮಹರಾಯ’ ಎಂಬ ಮಾತಿದೆ. ಕ್ರೈಸ್ತ ಧರ್ಮ ಈ ಮಾತನ್ನು ಅಲ್ಲಗಳೆಯುತ್ತದೆಂದು ಮೊದಲ ಪತ್ರದವರು ಭಾವಿಸಿದಂತಿದೆ. ಅಲ್ಲಗಳೆಯುವುದಿಲ್ಲ. ಮನುಷ್ಯನು ಏನು ಬಿತ್ತುತ್ತಾನೋ ಅದನ್ನೇ ಕೊಯ್ಯಬೇಕು ಎಂದು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಸ್ಪಷ್ಟವಾಗಿಯೇ ಇದೆ, ಪಾಪವು ಕೊಡುವ ಸಂಬಳ ಮರಣ ಎಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿದೆ. ಸಂಬಳವೆಂಬ ಪದವನ್ನು ಗಮನಿಸಬೇಕು. ಅದು ದುಡಿದವನಿಗೆ ನ್ಯಾಯವಾಗಿ ಸಲ್ಲುವಂಥದ್ದು. ಆದರೆ ಅದೇ ವಚನದ ಎರಡನೆಯ ಅರ್ಧದಲ್ಲಿ ನಿತ್ಯಜೀವವನ್ನು ಸಂಬಳವೆಂದು ಕರೆಯದೆ ಉಚಿತವಾದ ವರವೆಂದು ಕರೆದಿದೆ. ಕೃಪೆ ಎಂಬ ಪದದ ಅರ್ಥವೆಲ್ಲ ಈ ಎರಡು ಅರ್ಧಗಳ ನಡುವಿನ ಅಂತರದಲ್ಲಿದೆ.

ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಕಳೆದುಹೋದ ಮಗನ ಸಾಮ್ಯ ಎಲ್ಲರಿಗೂ ಗೊತ್ತು. ಅದರಲ್ಲಿರುವ ಒಂದು ಸಣ್ಣ ಸಂಗತಿ ನನ್ನ ಕಣ್ಣಿಗೆ ಬಿದ್ದದ್ದು ತಮ್ಮ ತೀರಿಕೊಂಡ ಮೇಲೆ. ಆಸ್ತಿಯನ್ನೆಲ್ಲ ಹಾಳುಮಾಡಿ ಹಂದಿಗಳ ನಡುವೆ ಹಸಿದು ಕುಳಿತ ಮಗನು ಮನೆಗೆ ಹಿಂದಿರುಗುವ ಮೊದಲು ತಂದೆಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಸಿದ್ಧಪಡಿಸಿಕೊಳ್ಳುತ್ತಾನೆ: ಪರಲೋಕಕ್ಕೆ ವಿರೋಧವಾಗಿಯೂ ನಿನ್ನ ಮುಂದೆಯೂ ಪಾಪಮಾಡಿದ್ದೇನೆ, ಇನ್ನು ನಿನ್ನ ಮಗನೆನ್ನಿಸಿಕೊಳ್ಳಲು ನಾನು ಯೋಗ್ಯನಲ್ಲ, ನನ್ನನ್ನು ನಿನ್ನ ಕೂಲಿಯಾಳುಗಳಲ್ಲಿ ಒಬ್ಬನಂತೆ ಮಾಡು. ಅವನಿನ್ನೂ ದೂರದಲ್ಲಿರುವಾಗಲೇ ತಂದೆ ಓಡಿಬಂದು ಅವನ ಕೊರಳನ್ನು ತಬ್ಬಿಕೊಂಡು ಮುದ್ದಿಡುತ್ತಾನೆ. ಮಗನು ತನ್ನ ಮಾತನ್ನು ಆರಂಭಿಸುತ್ತಾನೆ. ಮೊದಲ ಎರಡು ವಾಕ್ಯಗಳು ಆಗುತ್ತವೆ. ಕೂಲಿಯಾಳಿನ ವಾಕ್ಯ ಮಾತ್ರ ಅವನ ಬಾಯಿಂದ ಹೊರಬರುವುದೇ ಇಲ್ಲ, ಅಷ್ಟರಲ್ಲಿ ತಂದೆ ಆಳುಗಳನ್ನು ಕರೆದು ಶ್ರೇಷ್ಠವಾದ ಅಂಗಿಯನ್ನು ತನ್ನಿ, ಕೈಗೆ ಉಂಗುರ ತೊಡಿಸಿ, ಕಾಲಿಗೆ ಜೋಡು ಮೆಡಿಸಿ ಎನ್ನುತ್ತಿರುತ್ತಾನೆ. ಮಗ ತಂದಿದ್ದ ಒಪ್ಪಂದದ ಪ್ರಸ್ತಾಪ ಮಂಡನೆಯಾಗುವುದಕ್ಕೂ ಅವಕಾಶವಾಗಲಿಲ್ಲ. ಪಾಪದ ಅರಿಕೆಯನ್ನು ತಂದೆ ಕೇಳಿಸಿಕೊಂಡ, ಕೂಲಿಯ ಚೌಕಾಸಿಯನ್ನು ಕೇಳಿಸಿಕೊಳ್ಳಲಿಲ್ಲ. ಆಮೇಲೆ ಹೊಲದಿಂದ ಬರುವ ಹಿರಿಯ ಮಗನಿದ್ದಾನೆ, ಇಷ್ಟು ವರ್ಷ ನಿನಗೆ ಸೇವೆಮಾಡಿದ್ದೇನೆ, ಒಂದು ಆಡುಮರಿಯನ್ನೂ ನೀನು ಕೊಡಲಿಲ್ಲ ಎಂದು ಲೆಕ್ಕ ಒಪ್ಪಿಸುವವನು. ತಂದೆ ಅವನನ್ನು ಬೇಡಿಕೊಳ್ಳಲೂ ಹೊರಗೆ ಬರುತ್ತಾನೆ. ಅವನು ಒಳಗೆ ಹೋದನೇ ಇಲ್ಲವೇ ಎಂಬುದನ್ನು ಹೇಳದೆಯೇ ಕಥೆ ನಿಲ್ಲುತ್ತದೆ. ಎರಡನೆಯ ಪತ್ರ ಬರೆದ ಸಹೋದರರು ಈ ಹಿರಿಯ ಮಗನ ಬಳಿ ಒಂದು ಗಳಿಗೆ ನಿಲ್ಲಬೇಕೆಂದು ನಾನು ವಿನಯದಿಂದ ಕೇಳಿಕೊಳ್ಳುತ್ತೇನೆ.

ಈ ಕ್ಷಮೆ ಅಗ್ಗದ್ದೆಂದು ಯಾರೂ ತಿಳಿಯಬಾರದೆಂದೇ ಕ್ರೈಸ್ತರು ಶಿಲುಬೆಯನ್ನು ಬೋಧನೆಯ ನಡುವೆ ಇಟ್ಟಿದ್ದಾರೆ. ಯೇಸುವಿನ ಮರಣವು ನಮ್ಮನ್ನು ಹೇಗೆ ರಕ್ಷಿಸುತ್ತದೆ ಎಂಬುದಕ್ಕೆ ವಿವರಣೆಗಳು ಹಲವಿವೆ. ಮರಣದ ಮೇಲೆ, ಸೈತಾನನ ಮೇಲೆ ದೇವರು ಪಡೆದ ಜಯವೆಂದು ಆದಿಕಾಲದ ಅನೇಕ ಬೋಧಕರು ಹೇಳಿದರು. ಮನುಷ್ಯನು ದೇವರಿಗೆ ಸಲ್ಲಿಸಬೇಕಾಗಿದ್ದ, ಆದರೆ ಸಲ್ಲಿಸಲಾರದೆ ಹೋದ ಗೌರವವನ್ನು ದೇವಮಾನವನು ಸಲ್ಲಿಸಿದನೆಂದು 11ನೆಯ ಶತಮಾನದ ಕೊನೆಯಲ್ಲಿ ಕ್ಯಾಂಟರ್ಬರಿಯ ಆನ್ಸೆಲ್ಮನು ವಾದಿಸಿದನು. ನಮಗೆ ಸಲ್ಲಬೇಕಾದ ಶಿಕ್ಷೆಯನ್ನು ಅವನೇ ಹೊತ್ತನೆಂದು ಪ್ರೊಟೆಸ್ಟೆಂಟ್ ಸುಧಾರಕರು ಒತ್ತಿ ಹೇಳಿದರು. ಬಹುಪಾಲು ಸಭೆಗಳು ಇಂದಿಗೂ ಪಠಿಸುವ ನೈಸೀಯ ವಿಶ್ವಾಸಪ್ರಮಾಣ ಮಾತ್ರ ನಮಗೋಸ್ಕರ, ನಮ್ಮ ರಕ್ಷಣೆಗೋಸ್ಕರ ಎಂಬಲ್ಲಿಗೆ ನಿಲ್ಲುತ್ತದೆ, ಹೇಗೆ ಎಂಬುದನ್ನು ಬಿಡಿಸಿ ಹೇಳುವುದಿಲ್ಲ. ಆ ಮಿತವಾದ ಮಾತು ನನಗೆ ಹಿಡಿಸುತ್ತದೆ.

ನಂಬಿಕೆಯಿಂದಲೋ ಕ್ರಿಯೆಗಳಿಂದಲೋ ಎಂಬ ಪ್ರಶ್ನೆಗೆ ಪಾಶ್ಚಾತ್ಯ ಕ್ರೈಸ್ತಲೋಕ ಎರಡಾಗಿ ಒಡೆದದ್ದು ಇತಿಹಾಸ. 1517ರ ಅಕ್ಟೋಬರ್ 31ರಂದು ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರನು ವಿಟೆನ್‌ಬರ್ಗಿನಲ್ಲಿ ಮುಂದಿಟ್ಟ 95 ಪ್ರಮೇಯಗಳು ಪಾಪದ ದಂಡನೆಯ ವಿನಾಯಿತಿ ಪತ್ರಗಳನ್ನು ಹಣಕ್ಕೆ ಹಂಚುತ್ತಿದ್ದ ಪದ್ಧತಿಯನ್ನು ಪ್ರಶ್ನಿಸಿದವು. ನಂಬಿಕೆಯೊಂದರಿಂದಲೇ ದೇವರ ಮುಂದೆ ನೀತಿವಂತರೆಂಬ ನಿರ್ಣಯ ದೊರೆಯುತ್ತದೆ ಎಂದು ಮುಂದೆ ಅವನು ಸಾರಿದನು; ಕಥೋಲಿಕ ಧರ್ಮಸಭೆ 1547ರಲ್ಲಿ ಟ್ರೆಂಟ್ ಮಹಾಸಭೆಯ ಮೂಲಕ ಅದಕ್ಕೆ ಉತ್ತರ ಕೊಟ್ಟಿತು. ಆದರೆ ಜನರಿಗೆ ಅಷ್ಟಾಗಿ ಗೊತ್ತಿಲ್ಲದ ಎರಡು ಸಂಗತಿಗಳಿವೆ. ದೇವರ ಕೃಪೆಯನ್ನು ಮನುಷ್ಯನು ಮೊದಲೇ ಮಾಡಿದ ಯಾವ ಕಾರ್ಯದಿಂದಲೂ ಸಂಪಾದಿಸಲಾರನು ಎಂದು ಆ ಟ್ರೆಂಟ್ ಸಭೆಯೇ ಹೇಳಿತ್ತು. 1999ರಲ್ಲಿ, ಅದೇ ಅಕ್ಟೋಬರ್ 31ರಂದು, ಆಗ್ಸ್‌ಬರ್ಗಿನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕಥೋಲಿಕ ಧರ್ಮಸಭೆಯೂ ಈ ವಿಷಯದಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದವು: ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲದೆ ಕೃಪೆಯಿಂದ ಮಾತ್ರವೇ ದೇವರು ನಮ್ಮನ್ನು ಅಂಗೀಕರಿಸುತ್ತಾನೆ, ನಮ್ಮ ಹೃದಯಗಳನ್ನು ಹೊಸದು ಮಾಡುವ ಪವಿತ್ರಾತ್ಮನು ನಮ್ಮನ್ನು ಸತ್ಕ್ರಿಯೆಗಳಿಗೆ ಕರೆಯುತ್ತಾನೆ ಎಂದು ಇಬ್ಬರೂ ಒಟ್ಟಾಗಿ ಒಪ್ಪಿಕೊಂಡರು. ಮೆಥಡಿಸ್ಟರು 2006ರಲ್ಲಿ, ರಿಫಾರ್ಮ್ಡ್ ಸಭೆಗಳ ವಿಶ್ವ ಒಕ್ಕೂಟದವರು 2017ರಲ್ಲಿ ಅದಕ್ಕೆ ಸೇರಿಕೊಂಡರು. ಎಲ್ಲ ಭಿನ್ನಾಭಿಪ್ರಾಯಗಳೂ ಅಲ್ಲಿಗೆ ತೀರಲಿಲ್ಲ, ನಿಜ. ಆದರೂ ‘ನಂಬಿದರೆ ಸಾಕು’ ಎಂಬುದು ಒಂದು ಪಂಗಡದ ಘೋಷಣೆ, ‘ಒಳ್ಳೆಯದು ಮಾಡಬೇಕು’ ಎಂಬುದು ಇನ್ನೊಂದರ ಘೋಷಣೆ ಎಂದು ಪಾಲು ಹಂಚುವುದು ಇನ್ನು ಸಲ್ಲದು.

ಇನ್ನು ಭಾನುವಾರದ ಕ್ಷಮೆಯ ಆಕ್ಷೇಪ. ಇದು ಹೊಸದಲ್ಲ, ಇದನ್ನು ಸುಮಾರು 57ರಲ್ಲಿ ಬರೆದ ಆ ರೋಮಾಪುರದ ಪತ್ರದಲ್ಲಿ ಪೌಲನು ತಾನೇ ಎತ್ತಿಕೊಂಡು, ಕೃಪೆ ಹೆಚ್ಚಲೆಂದು ಪಾಪದಲ್ಲಿಯೇ ಇರೋಣವೋ ಎಂದು ಕೇಳಿ, ಎಂದಿಗೂ ಇಲ್ಲ ಎಂದು ತಾನೇ ಉತ್ತರಿಸಿದ್ದಾನೆ. ಲೂಥರನ ಆ 95ರಲ್ಲಿ ಮೊಟ್ಟಮೊದಲನೆಯದೂ ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪವಾಗಿರಬೇಕು ಎಂಬುದೇ. ಕಥೋಲಿಕರ ಪಾಪನಿವೇದನೆಯಲ್ಲಿಯೂ ಬಾಯಿಮಾತಿನ ಅರಿಕೆಯೊಂದೇ ಸಾಲದು. ಮನಸ್ಸಿನಲ್ಲಿ ದುಃಖವೂ ಮತ್ತೆ ಮಾಡೆನೆಂಬ ನಿರ್ಧಾರವೂ ಇರಬೇಕು, ಕದ್ದದ್ದನ್ನು ಹಿಂದಿರುಗಿಸಬೇಕು. ಯೇಸು ಜಕ್ಕಾಯನ ಮನೆಗೆ ಅತಿಥಿಯಾಗಿ ಹೋದಾಗ ಆ ತೆರಿಗೆಯವನು ಎದ್ದು ನಿಂತು, ನನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಅನ್ಯಾಯವಾಗಿ ಕಸಿದುಕೊಂಡದ್ದಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎನ್ನುತ್ತಾನೆ. ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು ಎಂಬ ಯೇಸುವಿನ ಮಾತು ಅದರ ಬೆನ್ನಿಗೇ ಬರುತ್ತದೆ. ಯೇಸು ಆ ಮನೆಗೆ ಬಂದದ್ದು ಹಣ ಹಂಚಿದ ಮೇಲಲ್ಲ, ಮೊದಲೇ. ಆದರೆ ಅವನು ಬಂದ ಮೇಲೆ ಹಣದ ಚೀಲ ಮುಚ್ಚಿಕೊಂಡೇ ಉಳಿಯಲಿಲ್ಲ.

ಈ ಬದಲಾವಣೆ ಒಂದೇ ದಿನದಲ್ಲಿ ಆಗುತ್ತದೆಂದು ಮಾತ್ರ ನಾನು ಹೇಳಲಾರೆ, ಹಾಗೆ ಹೇಳುವ ಸಾಕ್ಷಿಗಳನ್ನು ಕೇಳಿದಾಗ ನನಗೆ ಕಸಿವಿಸಿಯಾಗುತ್ತದೆ. ಇಂಗ್ಲೆಂಡಿನ ಜಾನ್ ನ್ಯೂಟನ್ 1748ರಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಯಲ್ಲಿ ದೇವರನ್ನು ಕೂಗಿಕೊಂಡವನು. ಕೃಪೆಯನ್ನು ಕುರಿತು ಅವನು ಬರೆದ ಹಾಡನ್ನು ಇಂದಿಗೂ ಲೋಕದಾದ್ಯಂತ ಹಾಡುತ್ತಾರೆ. ಆದರೆ ಆ ಬಿರುಗಾಳಿಯ ನಂತರವೂ ಅವನು ಗುಲಾಮರನ್ನು ಸಾಗಿಸುವ ಹಡಗುಗಳಿಗೆ ನಾಯಕನಾಗಿದ್ದನು. ಕಡಲನ್ನು ಬಿಟ್ಟದ್ದು 1754ರಲ್ಲಿ, ಅದೂ ಆರೋಗ್ಯ ಕೆಟ್ಟು. ಆ ಬಿರುಗಾಳಿಯ ದಿನದಿಂದಲೇ ತಾನು ಪೂರ್ಣ ಅರ್ಥದಲ್ಲಿ ವಿಶ್ವಾಸಿಯಾದೆನೆಂದು ಹೇಳಲಾರೆ ಎಂದು ಆಮೇಲೆ ಅವನೇ ಬರೆದುಕೊಂಡನು. 1788ರಲ್ಲಿ, ಅಂದರೆ 40 ವರ್ಷಗಳ ನಂತರ, ಆ ವ್ಯಾಪಾರದ ಘೋರವನ್ನು ಕಣ್ಣಾರೆ ಕಂಡವನಾಗಿ, ಅದರಲ್ಲಿ ಪಾಲುದಾರನಾಗಿದ್ದುದಕ್ಕೆ ನಾಚಿಕೊಂಡವನಾಗಿ ಬಹಿರಂಗವಾಗಿ ಬರೆದನು. ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿದ 1807ರಲ್ಲಿಯೇ ಅವನು ತೀರಿಕೊಂಡನು. ಆ ಮಧ್ಯದ ವರ್ಷಗಳಲ್ಲಿ ಅವನ ಹಡಗಿನ ತಳದಲ್ಲಿ ಸರಪಳಿ ಹಾಕಿಸಿಕೊಂಡು ಮಲಗಿದ್ದವರ ಮುಂದೆ ನಿಂತು, ಇವನು ಅಂದೇ ರಕ್ಷಣೆ ಹೊಂದಿದವನು ಎಂದು ಹೇಳುವ ಧೈರ್ಯ ನನಗಿಲ್ಲ. ದೇವರು ಅವನ ಕೈಬಿಟ್ಟಿದ್ದನೆಂದು ಹೇಳುವ ಅಧಿಕಾರವೂ ನನಗಿಲ್ಲ. ನೀತಿವಂತನೆಂಬ ನಿರ್ಣಯ, ಆಮೇಲೆ ಬದುಕು ಮೆಲ್ಲಮೆಲ್ಲನೆ ಹೊಸದಾಗುವ ಪವಿತ್ರೀಕರಣ ಎಂದು ದೇವಶಾಸ್ತ್ರಜ್ಞರು ಪದಗಳನ್ನು ಬೇರ್ಪಡಿಸುವುದು ಇಂಥ ಬದುಕುಗಳ ಕಾರಣದಿಂದಲೇ ಇರಬೇಕು.

ವಿಶ್ವಾಸಿಯು ಸತ್ತ ಮೇಲೆ ಏನಾಗುತ್ತಾನೆ ಎಂಬುದರ ಬಗ್ಗೆ ಇಬ್ಬರು ಪತ್ರಲೇಖಕರೂ ‘ಸ್ವರ್ಗ’ ಎಂಬ ಒಂದೇ ಪದದಿಂದ ಮಾತು ಮುಗಿಸಿದ್ದಾರೆ. ಹೊಸ ಒಡಂಬಡಿಕೆಯ ನಿರೀಕ್ಷೆ ಅದಕ್ಕಿಂತ ದೊಡ್ಡದು, ಹೆಚ್ಚು ಮಣ್ಣಿನ ವಾಸನೆಯುಳ್ಳದ್ದು. ಸತ್ತವರು ಎಬ್ಬಿಸಲ್ಪಡುತ್ತಾರೆ, ದೇಹಸಹಿತ. ಥೆಸಲೋನಿಕದ ಸಭೆಯಲ್ಲಿ ಕೆಲವರು ಕ್ರಿಸ್ತನ ಪುನರಾಗಮನಕ್ಕೆ ಮೊದಲೇ ತೀರಿಕೊಂಡಾಗ ಉಳಿದವರು ಕಂಗಾಲಾದರು. ಸುಮಾರು 50ರಲ್ಲಿ ಪೌಲನು ಅವರಿಗೆ ಬರೆದ ಪತ್ರ ಹೊಸ ಒಡಂಬಡಿಕೆಯ ಅತ್ಯಂತ ಹಳೆಯ ಬರಹಗಳಲ್ಲಿ ಒಂದು. ಅದರಲ್ಲಿ ಅವನು ಸತ್ತವರನ್ನು ನಿದ್ರೆಹೋದವರೆಂದು ಕರೆಯುತ್ತಾನೆ, ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎನ್ನುತ್ತಾನೆ. ದುಃಖಿಸಲೇಬೇಡಿ ಎಂದು ಅವನು ಹೇಳಲಿಲ್ಲ. ಸತ್ತುಹೋಗಿದ್ದ ಗೆಳೆಯ ಲಾಜರನನ್ನು ಎಬ್ಬಿಸಲೆಂದೇ ಬಂದಿದ್ದ ಯೇಸು ಕೂಡ ಅವನ ಸಮಾಧಿಯ ಬಳಿ ಕಣ್ಣೀರಿಟ್ಟನು. ಸ್ಮಶಾನಕ್ಕೆ ಕ್ರೈಸ್ತರು ಬಳಸತೊಡಗಿದ ಗ್ರೀಕ್ ಪದಕ್ಕೆ ಮಲಗುವ ಸ್ಥಳ ಎಂದೇ ಅರ್ಥ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಹೋಲಿಕೆ ಇನ್ನೂ ಹತ್ತಿರವಾಗುತ್ತದೆ: ನೀನು ಬಿತ್ತುವುದು ಬರಿಯ ಕಾಳು, ಅದು ಸತ್ತ ಹೊರತು ಜೀವ ತಳೆಯದು, ಏಳುವುದು ಬೇರೊಂದು ಮೈ. ಕಾಳಿಗೂ ತೆನೆಗೂ ರೂಪದಲ್ಲಿ ಹೋಲಿಕೆಯಿಲ್ಲ. ಆದರೂ ಬಿತ್ತಿದ ಕಾಳೇ ತೆನೆಯಾಗಿರುವುದು. ಪುನರುತ್ಥಾನನಾದ ಯೇಸು ಶಿಷ್ಯರ ನಡುವೆ ಬಂದು ನಿಂತಾಗ ಅವರು ಭೂತವೆಂದು ಹೆದರಿದರು. ಇಲ್ಲಿ ತಿನ್ನುವುದಕ್ಕೆ ಏನಾದರೂ ಇದೆಯೇ ಎಂದು ಕೇಳಿ, ಅವರು ಕೊಟ್ಟ ಸುಟ್ಟ ಮೀನಿನ ತುಂಡನ್ನು ಅವರೆದುರಿಗೇ ಅವನು ತಿಂದನೆಂದು ಲೂಕನು ಬರೆಯುತ್ತಾನೆ. ಕೈಕಾಲುಗಳಲ್ಲಿ ಮೊಳೆಯ ಗಾಯಗಳಿದ್ದವು. ಸತ್ತವರ ಪುನರುತ್ಥಾನವನ್ನು ಎದುರುನೋಡುತ್ತೇನೆ ಎಂದು ವಿಶ್ವಾಸಪ್ರಮಾಣದ ಕೊನೆಯಲ್ಲಿ ನಾವು ಹೇಳುವುದು ಇದನ್ನೇ.

ಮರಣಕ್ಕೂ ಆ ದಿನಕ್ಕೂ ನಡುವೆ ಏನು ಎಂಬಲ್ಲಿ ಸಭೆಗಳು ಬೇರೆ ಬೇರೆಯಾಗಿ ಮಾತಾಡುತ್ತವೆ. ಕಥೋಲಿಕರು ಶುದ್ಧೀಕರಣದ ಸ್ಥಿತಿಯೊಂದನ್ನು ನಂಬುತ್ತಾರೆ. ಆರ್ಥೊಡಾಕ್ಸರು ಅದನ್ನು ಆ ರೂಪದಲ್ಲಿ ಒಪ್ಪದಿದ್ದರೂ ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ. ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನವರು ವಿಶ್ವಾಸಿಯು ಕೂಡಲೇ ಕ್ರಿಸ್ತನ ಸನ್ನಿಧಿಯಲ್ಲಿರುತ್ತಾನೆ ಎನ್ನುತ್ತಾರೆ. ಒಮ್ಮೆ ರಕ್ಷಣೆ ಹೊಂದಿದವನು ಅದನ್ನು ಕಳೆದುಕೊಳ್ಳಬಲ್ಲನೇ ಎಂಬುದರ ಮೇಲೂ ಜಗಳವಿದೆ. 1618–19ರಲ್ಲಿ ನೆದರ್ಲೆಂಡಿನ ಡಾರ್ಟಿನಲ್ಲಿ ಸೇರಿದ ರಿಫಾರ್ಮ್ಡ್ ಮುಖಂಡರ ಸಭೆ ದೇವರು ತನ್ನವರನ್ನು ಕೊನೆಯವರೆಗೂ ಕಾಯುತ್ತಾನೆಂದಿತು, ಮೆಥಡಿಸ್ಟರ ಮೂಲಪುರುಷ ವೆಸ್ಲಿಯ ಅನುಯಾಯಿಗಳು ಬಿದ್ದುಹೋಗುವ ಅಪಾಯವನ್ನು ನಿಜವೆಂದೇ ಎಣಿಸುತ್ತಾರೆ. ನನಗೆ ಈ ವಾದಗಳಿಗಿಂತ ನಮ್ಮ ಕನ್ನಡ ಬೈಬಲಿನ ಒಂದು ಪದ ಹೆಚ್ಚು ನೆರವಾಗಿದೆ. ದೇವರು ಪವಿತ್ರಾತ್ಮನನ್ನು ನಮ್ಮ ಹೃದಯಗಳಲ್ಲಿ ‘ಸಂಚಕಾರ’ವಾಗಿ ಕೊಟ್ಟಿದ್ದಾನೆ ಎಂದು ಅದರಲ್ಲಿದೆ. ಕೊಳ್ಳುವವನು ಮಾತು ಮುರಿಯುವುದಿಲ್ಲವೆಂಬುದಕ್ಕೆ ಕೊಡುವ ಮುಂಗಡ ಅದು. ಕೊಟ್ಟವನು ದೇವರು. ಖಾತ್ರಿ ಇರುವುದು ಅವನ ಕಡೆಯಿಂದ, ನನ್ನ ಹಿಡಿತದ ಬಲದಿಂದಲ್ಲ.

ನರಕವಿಲ್ಲವೆಂದು ಹೇಳಿ ಈ ಪತ್ರವನ್ನು ಹಿತವಾಗಿಸುವ ಆಸೆ ನನಗಿಲ್ಲ. ಯೇಸು ಅದರ ಬಗ್ಗೆ ಮಾತಾಡಿದ್ದಾನೆ, ಕಠಿಣವಾಗಿಯೇ ಮಾತಾಡಿದ್ದಾನೆ. ಆದರೆ ಯಾರಿಗೆ ಹೇಳಿದನೆಂದು ನೋಡಬೇಕು. ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಸ್ವಾಮೀ, ಸ್ವಾಮೀ ಎಂದು ಕರೆಯುತ್ತಾ ಅವನ ಹೆಸರಿನಲ್ಲಿ ಅದ್ಭುತಗಳನ್ನು ಮಾಡಿದವರಿಗೆ, ನಾನೆಂದೂ ನಿಮ್ಮನ್ನು ಅರಿಯೆನು ಎಂಬ ಉತ್ತರ ಬರುತ್ತದೆ. 25ನೆಯ ಅಧ್ಯಾಯದ ಕಡೆಯ ನ್ಯಾಯತೀರ್ಪಿನಲ್ಲಿ ಬಲಗಡೆಯವರೂ ಎಡಗಡೆಯವರೂ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: ಸ್ವಾಮೀ, ನೀನು ಹಸಿದದ್ದನ್ನು ನಾವು ಯಾವಾಗ ಕಂಡೆವು? ಹಸಿದವನಿಗೆ ಊಟ ಕೊಟ್ಟವರಿಗೆ ತಾವು ಯಾರಿಗೆ ಕೊಟ್ಟೆವೆಂದು ಗೊತ್ತಿರಲಿಲ್ಲ, ಕೊಡದವರಿಗೆ ತಾವು ಯಾರನ್ನು ಹಾದುಹೋದೆವೆಂದು ಗೊತ್ತಿರಲಿಲ್ಲ. ತಮ್ಮ ತೀರ್ಪೇ ತಮಗೆ ಆಶ್ಚರ್ಯವಾಗುವ ಆ ಜನರ ನಡುವೆ ನಿಂತು, ಪಕ್ಕದವನ ತೀರ್ಪನ್ನು ಮೊದಲೇ ಹೇಳಬಲ್ಲೆನೆನ್ನುವುದು ಹೇಗೆ? ಶಿಲುಬೆಯ ಮೇಲೆ ಯೇಸುವಿನ ಪಕ್ಕದಲ್ಲಿ ತೂಗುತ್ತಿದ್ದ ಕಳ್ಳನಿಗೆ ದೀಕ್ಷಾಸ್ನಾನವಾಗಿರಲಿಲ್ಲ, ಕದ್ದದ್ದನ್ನು ಹಿಂದಿರುಗಿಸಲು ಕೈಗಳೂ ಬಿಡುವಾಗಿರಲಿಲ್ಲ. ನನ್ನನ್ನು ನೆನಪಿಸಿಕೋ ಎಂಬ ಮಾತೊಂದು ಉಸಿರಿನ ಕೊನೆಯಲ್ಲಿ ಉಳಿದಿತ್ತು. ಆ ಬೆಟ್ಟದ ಕೆಳಗೆ ಅವನ ತಾಯಿ ಇದ್ದಿದ್ದರೆ, ಅಷ್ಟು ದೂರಕ್ಕೆ ಆ ಮಾತು ಅವಳಿಗೆ ಕೇಳಿಸುತ್ತಿತ್ತೋ ಇಲ್ಲವೋ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ. ಕಥೋಲಿಕ ಧರ್ಮಸಭೆ ಸಾವಿರಾರು ಮಂದಿಯನ್ನು ಸಂತರೆಂದು ಘೋಷಿಸಿದೆ, ಆದರೆ ಇಂಥವನು ನರಕದಲ್ಲಿದ್ದಾನೆಂದು ಒಬ್ಬನ ಹೆಸರನ್ನೂ ಇದುವರೆಗೆ ಅಧಿಕೃತವಾಗಿ ಸಾರಿಲ್ಲ. ತಮ್ಮದಲ್ಲದ ಕಾರಣದಿಂದ ಕ್ರಿಸ್ತನನ್ನು ಅರಿಯದೆ, ಪ್ರಾಮಾಣಿಕ ಹೃದಯದಿಂದ ದೇವರನ್ನು ಅರಸಿದವರೂ ರಕ್ಷಣೆಯನ್ನು ಹೊಂದಬಹುದೆಂದು 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಹೇಳಿತು. ಎಲ್ಲ ಕ್ರೈಸ್ತರೂ ಇದನ್ನು ಒಪ್ಪುವುದಿಲ್ಲ, ಎರಡನೆಯ ಪತ್ರದವರಂತೂ ಒಪ್ಪಲಾರರು. ಅವರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಎಚ್ಚರಿಕೆ ಕೊಡುವುದು ಸಭೆಯ ಕರ್ತವ್ಯವೇ, ಬದುಕಿರುವವನ ಮುಂದೆ, ಅವನಿಗೆ ತಿರುಗಲು ಸಮಯವಿರುವಾಗ. ಮಣ್ಣಿನೊಳಗೆ ಇಳಿದವನ ತಾಯಿಯ ಮುಂದೆ ಹೇಳಿದಾಗ ಅದು ಎಚ್ಚರಿಕೆಯಾಗಿ ಉಳಿಯುವುದಿಲ್ಲ. ನ್ಯಾಯಾಧೀಶನ ಪೀಠವನ್ನು ನಾವೇ ಏರಿ ಕುಳಿತಂತಾಗುತ್ತದೆ. ಆ ಪೀಠದಲ್ಲಿ ಕುಳಿತುಕೊಳ್ಳುವವನ ಕೈಗಳಲ್ಲಿ ಮೊಳೆಯ ಗುರುತಿದೆ ಎಂದು ನಂಬುವವರು ನಾವು.

ತಾವು ಈ ವಿಷಯದಲ್ಲಿ ಇನ್ನಷ್ಟು ಪತ್ರಗಳನ್ನು ಪ್ರಕಟಿಸುವುದಾದರೆ, ಸಭಾಪಾಲಕರಿಂದಲೂ ದೇವಶಾಸ್ತ್ರ ಬಲ್ಲವರಿಂದಲೂ ಬರೆಸಬೇಕೆಂದು ಕೋರುತ್ತೇನೆ. ನಾನು ತಪ್ಪಿರುವಲ್ಲಿ ಅವರು ತಿದ್ದಲಿ. ಅಮ್ಮ ಈಗಿಲ್ಲ. ತಮ್ಮ ತೀರಿಕೊಂಡ ಮುಂದಿನ ವರ್ಷ, ಅದೇ ದಿನ, ಅವರು ನನ್ನನ್ನು ಕರೆದುಕೊಂಡು ಅವನ ಸಮಾಧಿಗೆ ಹೋದರು. ಅಷ್ಟರಲ್ಲಿ ಮಣ್ಣು ಕುಸಿದು ಗಟ್ಟಿಯಾಗಿತ್ತು, ಅಂಚಿನಲ್ಲಿ ಹುಲ್ಲು ಬಂದಿತ್ತು. ಅವರು ಕಷ್ಟಪಟ್ಟು ಬಗ್ಗಿ, ಬೆರಳಿನಿಂದ ಕೆದಕಿ ಒಂದು ಹಿಡಿ ಮಣ್ಣನ್ನು ತೆಗೆದು ಮೇಲೆ ಹಾಕಿದರು. ‘ನಿನ್ನ ಕೈಗೇ ಕೊಟ್ಟಿದ್ದೇನಪ್ಪಾ, ನೀನೇ ನೋಡಿಕೋ’ ಎಂದರು. ನನಗೆ ಹೇಳಿದರೆಂದು ನಾನು ತಿರುಗಿ ನೋಡಿದೆ; ಅವರ ಕಣ್ಣು ಮುಚ್ಚಿತ್ತು.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಓದುಗ